ದುಃಖದ ದಿನಗಳಲ್ಲಿ ಸತ್ಯವೇದವನ್ನು (ಬೈಬಲನ್ನು) ಹೇಗೆ ಓದಿದಿರಿ? – ಅನುಭವ ಹಂಚಿಕೆ

ಪ್ರಶ್ನೆ (ಜಮಖಂಡಿ):
ಹೋದ ವರ್ಷ ನನ್ನ ತಂದೆಯವರು ತೀರಿಕೊಂಡರು. ಒಬ್ಬಳೇ ಮಗಳಾದ ನಾನೇ ಕೊನೆಯವರೆಗೆ ಅವರನ್ನು ನೋಡಿಕೊಂಡೆ. ಈಗಲೂ ದಿನಾ ಬೆಳಿಗ್ಗೆ ಸತ್ಯವೇದ ತೆರೆಯುತ್ತೇನೆ, ಆದರೆ ಓದಿದ್ದು ಮನಸ್ಸಿಗೆ ಇಳಿಯುತ್ತಿಲ್ಲ. ಆರಾಧನೆ ಮುಗಿದ ಮೇಲೆ ಎಲ್ಲರೂ ನಿರೀಕ್ಷೆಯಿಂದಿರು ಎನ್ನುತ್ತಾರೆ. ಅದು ಎಲ್ಲಿಂದ ಬರುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಇಂಥ ದಿನಗಳನ್ನು ಕಂಡವರು ಏನು ಓದಿದಿರಿ, ಹೇಗೆ ಓದಿದಿರಿ ಎಂದು ದಯವಿಟ್ಟು ತಿಳಿಸಿರಿ.

ನಿವೃತ್ತ ಶಿಕ್ಷಕಿ, ಬೆಳಗಾವಿ:
ತಂಗೀ, ನನ್ನ ಯಜಮಾನರು ಹೋದಾಗ ಬಂದವರೆಲ್ಲರೂ ‘ಯೆಹೋವನು ನನಗೆ ಕುರುಬನು’ ಎನ್ನುವ ಇಪ್ಪತ್ತಮೂರನೆಯ ಕೀರ್ತನೆಯನ್ನೇ ಓದಿ ಹೋದರು. ಅದು ಸತ್ಯವೆಂದು ನನಗೆ ಗೊತ್ತಿತ್ತು, ಆದರೂ ಅಂದು ಅದನ್ನು ಹೇಳಲು ನನ್ನ ಬಾಯಿ ಏಳಲಿಲ್ಲ. ನನಗೆ ದಾರಿ ತೋರಿದ್ದು ಪ್ರಲಾಪಗಳು ಎಂಬ ಪುಸ್ತಕ. ಯೆರೂಸಲೇಮ್ ಪಟ್ಟಣ ಬಾಬಿಲೋನಿನವರ ಕೈಯಲ್ಲಿ ಹಾಳಾದದ್ದಕ್ಕೆ ಅತ್ತ ಅಳು ಅದು. ಅದನ್ನು ಬರೆದ ಇಬ್ರಿಯ (ಹೀಬ್ರೂ) ಭಾಷೆಯಲ್ಲಿ 22 ಅಕ್ಷರಗಳಿದ್ದು, ಒಂದು, ಎರಡು ಮತ್ತು ನಾಲ್ಕನೆಯ ಅಧ್ಯಾಯಗಳಲ್ಲಿ ಅಕ್ಷರಕ್ಕೊಂದರಂತೆ 22 ವಚನಗಳು, ನಡುವಿನ ಮೂರನೆಯ ಅಧ್ಯಾಯದಲ್ಲಿ ಅಕ್ಷರಕ್ಕೆ ಮೂರರಂತೆ 66 ವಚನಗಳು ವರ್ಣಮಾಲೆಯ ಕ್ರಮದಲ್ಲೇ ಸಾಗುತ್ತವೆ. ಎಷ್ಟೋ ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ನನಗೆ, ದುಃಖವನ್ನೂ ಹೀಗೆ ಮೊದಲಿನಿಂದ ಕೊನೆಯವರೆಗೆ ಒಂದನ್ನೂ ಬಿಡದೆ ದೇವರ ಮುಂದೆ ಹೇಳಿಕೊಳ್ಳಬಹುದು ಎಂಬುದು ಅಲ್ಲಿಯೇ ತಿಳಿಯಿತು.

ಒಂದು ಹಳೆಯ ನೋಟುಬುಕ್ಕಿನಲ್ಲಿ ದಿನಕ್ಕೊಂದು ಅಕ್ಷರದಂತೆ ಬರೆಯತೊಡಗಿದೆ. ‘ಅ’ ಎಂದರೆ ಅಂಗಳದಲ್ಲಿ ಒರಗಿಸಿಟ್ಟ ಅವರ ಸೈಕಲ್ಲು. ‘ಇ’ ಎಂದರೆ ಇಸ್ತ್ರಿ ಮಾಡಿಟ್ಟು ತೊಡದೆ ಉಳಿದ ಬಿಳಿ ಅಂಗಿ. ಅಕ್ಷರದ ಕೆಳಗೆ ಪ್ರಲಾಪಗಳ ಒಂದು ವಚನವನ್ನು ಪ್ರತಿ ಮಾಡುತ್ತಿದ್ದೆ. ಮೂರನೆಯ ಅಧ್ಯಾಯದಲ್ಲಿ ಹಾಗೆ ಅಳುವ ಭಕ್ತನು ನುರುಜುಗಲ್ಲಿನಿಂದ ತನ್ನ ಹಲ್ಲು ಮುರಿದವೆಂಬಷ್ಟರ ಮಟ್ಟಿಗೆ ಇಪ್ಪತ್ತು ವಚನಗಳಲ್ಲಿ ನೋವು ತೋಡಿಕೊಂಡ ಬಳಿಕವೇ, 21ನೆಯ ವಚನದಲ್ಲಿ, ಇದನ್ನು ಮನಸ್ಸಿಗೆ ತಂದುಕೊಂಡು ನಿರೀಕ್ಷಿಸುತ್ತೇನೆ ಎನ್ನುತ್ತಾನೆ. ದೇವರ ಕರುಣೆ ಪ್ರತಿ ಬೆಳಿಗ್ಗೆ ಹೊಸದು ಎನ್ನುತ್ತಾನೆ. ಅಲ್ಲಿಗೂ ಅವನ ದುಃಖ ಮುಗಿಯುವುದಿಲ್ಲ; 44ನೆಯ ವಚನದಲ್ಲಿ, ನನ್ನ ಪ್ರಾರ್ಥನೆ ಮುಟ್ಟದಂತೆ ನೀನು ಮೋಡವನ್ನು ಮರೆಮಾಡಿಕೊಂಡಿದ್ದೀ ಎಂದು ಮತ್ತೆ ದೂರುತ್ತಾನೆ. ಅದನ್ನು ಓದಿದ ದಿನ ನನಗೆ ಧೈರ್ಯ ಬಂದಿತು, ಏಕೆಂದರೆ ನಿನ್ನೆ ಬಂದ ಸಮಾಧಾನ ಇಂದು ಇಲ್ಲದಿದ್ದರೆ ನಂಬಿಕೆ ಕೆಟ್ಟಿತೆಂದು ನಾನು ಹೆದರಿದ್ದೆ. ನಮ್ಮ ಸತ್ಯವೇದದ ‘ನಿರೀಕ್ಷೆ’ ಎಂಬ ಮಾತಿನಲ್ಲೇ ‘ಈಕ್ಷಿಸು’, ಅಂದರೆ ನೋಡು, ಎಂಬುದಿದೆ. ಕಣ್ಣೀರು ತುಂಬಿದ ಕಣ್ಣುಗಳೂ ನೋಡಬಲ್ಲವು, ತಂಗೀ.

ದ್ರಾಕ್ಷಿ ಬೆಳೆಗಾರ, ತಿಕೋಟಾ, ವಿಜಯಪುರ ಜಿಲ್ಲೆ:
ಸಹೋದರಿಯವರೇ, ಟೀಚರ್ ಅವರ ಹಾಗೆ ಬರೆಯುವ ರೂಢಿ ನನಗಿಲ್ಲ. ನಾನು ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ತೋಟದಲ್ಲಿ ತಿರುಗುವವನು. ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತೇವೆ, ಅಂದರೆ ದ್ರಾಕ್ಷಿ ಬಳ್ಳಿಯ ಕಡ್ಡಿಗಳನ್ನು ಕತ್ತರಿಸುತ್ತೇವೆ. ಏಪ್ರಿಲ್ ಚಾಟ್ನಿಯ ಮೇಲೆ ಬರುವ ಚಿಗುರಿನಿಂದ ಹಣ್ಣು ಸಿಗುವುದಿಲ್ಲ, ಅದನ್ನು ಕಡ್ಡಿ ಬಲಿಯಲೆಂದು ಬೆಳೆಸುತ್ತೇವೆ. ಆದರೆ ಅಕ್ಟೋಬರ್ ಚಾಟ್ನಿಯ ನಂತರ ಹೊರಬರುವ ಗೊನೆ ಆ ಬಿರುಬೇಸಿಗೆಯಲ್ಲೇ ಕಡ್ಡಿಯ ಕಣ್ಣಿನೊಳಗೆ ಕಟ್ಟಿಕೊಂಡಿರುತ್ತದೆ, ಮೇಲಿನಿಂದ ನೋಡಿದರೆ ಏನೂ ತಿಳಿಯದು. ಕಾಣುವುದನ್ನು ಯಾರು ನಿರೀಕ್ಷಿಸುತ್ತಾರೆ ಎಂದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಕೇಳುವಾಗ ನನಗೆ ಆ ಕಣ್ಣೇ ನೆನಪಾಗುತ್ತದೆ. ನೀವು ಈಗ ಓದುತ್ತಿರುವುದು ಇಳಿಯುತ್ತಿಲ್ಲ ಎಂದು ಓದನ್ನು ಬಿಡಬೇಡಿರಿ.

ಇನ್ನೊಂದು ಮಾತನ್ನು ಹೇಳಲೇಬೇಕು. ನಮ್ಮ ಮಗು ತೀರಿಹೋದಾಗ ಒಬ್ಬ ಹಿರಿಯರು ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯ ತೆಗೆದು, ದೇವರು ನಿಮ್ಮನ್ನು ಚಾಟ್ನಿ ಮಾಡಿದ್ದಾನೆ ಎಂದರು. ಅದು ನನ್ನ ಹೆಂಡತಿಯ ಎದೆಯಲ್ಲಿ ಬಹಳ ಕಾಲ ಮುಳ್ಳಾಗಿ ಉಳಿಯಿತು. ಅಲ್ಲಿ ಯೇಸು ತನ್ನನ್ನು ದ್ರಾಕ್ಷಿ ಬಳ್ಳಿಗೆ ಹೋಲಿಸಿ ಶಿಷ್ಯರಿಗೆ ಹೇಳುವಾಗ, ಫಲ ಕೊಡುವ ಕೊಂಬೆಯನ್ನು ತಂದೆಯಾದ ದೇವರು ಶುದ್ಧಿಮಾಡುತ್ತಾನೆ ಎಂದಿದೆ, ಮರುವಚನದಲ್ಲೇ ನಾನು ಹೇಳಿದ ವಾಕ್ಯದಿಂದ ನೀವು ಈಗಲೇ ಶುದ್ಧರಾಗಿದ್ದೀರಿ ಎಂದಿದೆ. ಮರಣವೇ ಆತನ ಕತ್ತರಿ ಎಂದು ಆ ಭಾಗದಲ್ಲಿ ಎಲ್ಲಿಯೂ ಇಲ್ಲ. ಯಾರಾದರೂ ನಿಮಗೆ ಹಾಗೆ ಹೇಳಿದರೆ ಒಪ್ಪಿಕೊಳ್ಳಬೇಡಿರಿ.

ಗೃಹಿಣಿ, ಗುಳೇದಗುಡ್ಡ:
ನನ್ನ ಅನುಭವ ಚಿಕ್ಕದು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ದಂಡೆಯ ಊರುಗಳಿಗೆ ನೀರು ನುಗ್ಗಿದಾಗ ನಮ್ಮ ಪ್ರಾರ್ಥನಾ ಕೂಟದಲ್ಲಿ ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯ ನಡೆದಿತ್ತು. ಬಟ್ಟೆಯೂ ಅನ್ನವೂ ಇಲ್ಲದವರಿಗೆ ಸಮಾಧಾನದಿಂದ ಹೋಗಿರಿ ಎಂದಷ್ಟೇ ಹೇಳಿದರೆ ಪ್ರಯೋಜನವೇನು ಎಂಬಲ್ಲಿಗೆ ಬಂದಾಗ ಮುಂದೆ ಓದಲು ಯಾರಿಗೂ ಮನಸ್ಸಾಗಲಿಲ್ಲ. ರೊಟ್ಟಿ, ಶೇಂಗಾ ಚಟ್ನಿ, ಹೊದಿಕೆಗಳನ್ನು ಕಟ್ಟಿಕೊಂಡು ಹೋದೆವು. ತಾಯಿಯನ್ನು ಕಳೆದುಕೊಂಡು ವರ್ಷವಿಡೀ ಪ್ರಾರ್ಥನೆಗೆ ಬಾಯಿ ತೆರೆಯದಿದ್ದ ನಾನು, ಗುರುತಿಲ್ಲದ ಒಬ್ಬ ಅಜ್ಜಿಯ ಅಡುಗೆಮನೆಯಿಂದ ಕೆಸರು ಬಳಿಯುತ್ತಾ, ಸ್ವಾಮೀ ಈಕೆಗೆ ಒಂದು ಒಣ ಜಾಗ ಕೊಡು ಎಂದು ಬೇಡಿಕೊಂಡೆ. ನನ್ನ ಪ್ರಾರ್ಥನೆ ಮತ್ತೆ ಶುರುವಾದದ್ದು ಅಲ್ಲಿಂದ.

ಪ್ರಶ್ನೆ ಕೇಳಿದವರು (ಜಮಖಂಡಿ):
ಎಲ್ಲರಿಗೂ ವಂದನೆಗಳು. ಪ್ರಲಾಪಗಳನ್ನು ನಾನು ಈವರೆಗೆ ಓದಿಯೇ ಇರಲಿಲ್ಲ. ನಿನ್ನೆ ರಾತ್ರಿ ಮೂರನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿದೆ, ಅಮ್ಮನೂ ಪಕ್ಕದಲ್ಲಿ ಕುಳಿತು ಕೇಳಿದರು. ನೋಟುಬುಕ್ಕಿನಲ್ಲಿ ‘ಅ’ ಎಂಬಲ್ಲಿ ಅಪ್ಪನ ಕನ್ನಡಕ ಎಂದು ಬರೆದಿದ್ದೇನೆ. ‘ಆ’ ಅಕ್ಷರಕ್ಕೆ ಏನು ಬರೆಯಬೇಕೆಂದು ಅಮ್ಮ ಹೇಳುತ್ತೇನೆ ಎಂದಿದ್ದಾರೆ.