ಸಹಾಯ ಬೇಕು: ಹಳೇ ಟ್ರಯಂಫ್ ಹೆರಾಲ್ಡ್ ಕನ್ವರ್ಟಿಬಲ್, ತಗೊಳ್ಳೋ ಮುಂಚೆ

ಎಲ್ಲರಿಗೂ ನಮಸ್ಕಾರ. ಬಸವನಗುಡಿಯಲ್ಲಿ ಪರಿಚಯದವರ ಶೆಡ್ಡಿನಲ್ಲಿ 1962ರ ಟ್ರಯಂಫ್ ಹೆರಾಲ್ಡ್ 1200 ಕನ್ವರ್ಟಿಬಲ್ ನಿಂತಿದೆ, ಕೊಡೋದಕ್ಕೆ ಒಪ್ಪಿದ್ದಾರೆ. ನನಗಂತೂ ತುಂಬಾ ಇಷ್ಟವಾಗಿದೆ. 1147 ಸಿಸಿ ಎಂಜಿನ್ ವರ್ಷಗಳಿಂದ ಸ್ಟಾರ್ಟ್ ಆಗಿಲ್ಲ, ಆದರೆ ಪ್ಲಗ್ ಬಿಚ್ಚಿ ಸಿಲಿಂಡರಿಗೆ ಆಯಿಲ್ ಬಿಟ್ಟು ನೆನೆಯಲು ಬಿಟ್ಟ ಮೇಲೆ ಕೈಯಲ್ಲೇ ತಿರುಗಿತು, ಹಾಗಾಗಿ ಅದರ ಚಿಂತೆ ಅಷ್ಟಿಲ್ಲ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದರದೇ ತಮ್ಮ ಅಲ್ವಾ, ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಕೆಲವು ಸಾಮಾನು ಸಿಗಬಹುದು.

ಭಯ ಇರೋದು ಚಾಸಿ, ಅಂದರೆ ಕೆಳಗಿನ ಉಕ್ಕಿನ ಚೌಕಟ್ಟಿನ ಬಗ್ಗೆ. ಈ ಕಾರಿಗೆ ಬಾಡಿ ಬೇರೆ, ಚಾಸಿ ಬೇರೆ. ಮೇಲೆ ಗಟ್ಟಿ ಛಾವಣಿ ಇಲ್ಲದ ಕಾರಣ ಚಾಸಿ ಮೇಲೇ ಜಾಸ್ತಿ ಭಾರ ಬೀಳುತ್ತದೆ, ಪಕ್ಕದ ಔಟ್‌ರಿಗರ್‌ಗಳು (ಚಾಸಿಯಿಂದ ಪಕ್ಕಕ್ಕೆ ಚಾಚಿ ಬಾಡಿಯನ್ನು ಹೊರುವ ತೋಳುಗಳು) ತುಕ್ಕು ಹಿಡಿದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ. ಇಲ್ಲಿ ಎಡಗಡೆ ಬಾಗಿಲು ಆಗಲೇ ಜೋತುಬಿದ್ದಿದೆ. ಬಾಡಿ ಎತ್ತದೇ ವೆಲ್ಡಿಂಗ್ ಮಾಡಬಹುದಾ? ಹಳೇ ಗಾಡಿ ಕೆಲಸ ಬಲ್ಲ ಟಿಂಕರ್ ಯಾರಾದರೂ ಗೊತ್ತಾ? ಕ್ಯಾನ್ವಾಸ್ ಟಾಪ್ ಹೊಲಿಯುವವರು?

50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಇದೆ, ಆದರೆ ಆಮೇಲೆ ದಿನಾ ಓಡಿಸುವ ಹಾಗಿಲ್ಲ. ನನಗೆ ಭಾನುವಾರ ಬೆಳಗ್ಗೆ ಓಡಿಸಬೇಕು. ಆರ್‌ಸಿ ನವೀಕರಿಸಿಕೊಂಡವರು ಯಾವ ದಾರಿ ಹಿಡಿದಿರಿ, ದಯವಿಟ್ಟು ಹೇಳಿ.