ತೋಟದ ಮನೆಗೆ ಮೊದಲ ಗಿಳಿ: ಯಾವ ಪಂಜರ, ಎಲ್ಲಿ ಇಡುವುದು?

ತೋಟದಮನೆ_ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಒಳರಸ್ತೆಯಲ್ಲಿ ಸಿಗುವ ಹಂಚಿನ ಮನೆ. ಸುತ್ತ ಅಡಿಕೆ ತೋಟ. ಮಗಳು ಏಳನೇ ಕ್ಲಾಸು, ಗಿಳಿ ಬೇಕು ಅಂತ ಒಂದೇ ಹಟ. ಈ ಸಲ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆದು ಮುಗಿಯಲಿ, ನೋಡೋಣ ಅಂತ ಅವರಪ್ಪ ಮಾತು ಕೊಟ್ಟು ಕೂತಿದ್ದಾರೆ.

ತೋಟದ ಕೆಲಸಕ್ಕೆ ಬರುವವರೊಬ್ಬರು ಕಾಡಿನ ಗಿಳಿಮರಿ ತಂದುಕೊಡುತ್ತೇನೆ ಅಂದಿದ್ದಾರೆ. ದುಡ್ಡೂ ಬೇಡವಂತೆ. ಅತ್ತೆಗೆ ಅದೇ ಸರಿ ಅನಿಸಿದೆ. ಅವರ ತವರಿನ ಜಗಲಿಯಲ್ಲಿ ಹಸಿರು ಗಿಳಿ ಇತ್ತಂತೆ, ಬಂದವರನ್ನೆಲ್ಲ "ಆಸರಿಗೆ ಬೇಕಾ" ಅಂತ ಕೇಳುತ್ತಿತ್ತಂತೆ. ಮಗಳು ಮಾತ್ರ ಶಿವಮೊಗ್ಗದ ಅಂಗಡಿಯಲ್ಲಿ ನೋಡಿದ ಕಾಕಟೀಲ್ ಮೇಲೆ ಮನಸ್ಸಿಟ್ಟಿದ್ದಾಳೆ. ಬೂದು ಬಣ್ಣ, ಜುಟ್ಟು, ಕೆನ್ನೆಯಲ್ಲಿ ಕಿತ್ತಳೆ ಬೊಟ್ಟು.

ಅದೇ ಅಂಗಡಿಯಲ್ಲಿ ಗೋಪುರದ ಥರ ಮೇಲೆ ಕೂಡಿಕೊಂಡ ಚಿನ್ನದ ಬಣ್ಣದ ದುಂಡು ಪಂಜರ ಇತ್ತು, ಚೆನ್ನಾಗಿ ಕಾಣುತ್ತದೆ. ಅದು ಸಾಕಾ? ಇಡುವುದಕ್ಕೆ ಮೂರು ಜಾಗ ಇದೆ. ಜಗಲಿ, ಅಡುಗೆಮನೆಗೆ ತಾಗಿದ ನಡುಮನೆ, ಇಲ್ಲಾ ಮಗಳು ಓದುವ ಕೋಣೆ. ನಮ್ಮ ಜಡಿಮಳೆ ಥಂಡಿಯಲ್ಲಿ ಇದು ಬದುಕುತ್ತದಾ ಅಂತಲೇ ನನಗೆ ಭಯ. ಪಕ್ಕದ ಮನೆಯ ಬೆಕ್ಕೂ ಬರುತ್ತದೆ. ಸಾಕಿ ಗೊತ್ತಿರುವವರು ಹೇಳಿ.

ಕಾಡುದಾರಿ_ಸಾಗರ

ಅಕ್ಕ, ಕಾಡಿನ ಮರಿ ಬೇಡವೇ ಬೇಡ. ನಮ್ಮ ದೇಶದ ಯಾವ ಗಿಳಿಯನ್ನೂ ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. 2022ರ ತಿದ್ದುಪಡಿ ಆದಮೇಲೆ ದಂಡವೂ ಜಾಸ್ತಿಯಾಗಿದೆ. ದುಡ್ಡು ಕೊಡದೆ ತಂದರೂ ತಪ್ಪು ತಪ್ಪೇ. ಅತ್ತೆಯವರ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ, ನಮ್ಮಜ್ಜನ ಮನೆಯಲ್ಲೂ ಇತ್ತು. ಈಗ ಹಾಗಲ್ಲ.

ಕಾನೂನು ಬಿಡಿ, ಆ ಮರಿ ಎಲ್ಲಿಂದ ಬರುತ್ತದೆ ನೋಡಿ. ನಿಮ್ಮ ಕಡೆ ಸಿಗುವುದು ಕೆಂಪು ತಲೆಯ ಗಿಳಿ, ಇಲ್ಲಾ ನೀಲಿ ರೆಕ್ಕೆಯ ಮಲಬಾರ್ ಗಿಳಿ. ಎರಡನೆಯದು ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಹಳೇ ಮರದ ಪೊಟರೆಯಲ್ಲಿ ಮೊಟ್ಟೆ ಇಡುತ್ತವೆ. ಮರಿ ತೆಗೆಯುವವರು ಪೊಟರೆಯನ್ನೇ ಕತ್ತಿಯಲ್ಲಿ ಅಗಲ ಮಾಡುತ್ತಾರೆ, ಮುಂದಿನ ವರ್ಷ ಆ ಗೂಡು ಯಾವ ಹಕ್ಕಿಗೂ ಬರುವುದಿಲ್ಲ.

ಕಾಕಟೀಲ್ ಆಸ್ಟ್ರೇಲಿಯಾ ಮೂಲದ್ದು, ಪಂಜರದಲ್ಲೇ ಎಷ್ಟೋ ತಲೆಮಾರಿನಿಂದ ಮರಿ ಮಾಡುತ್ತಿರುವ ಹಕ್ಕಿ. ಅದಕ್ಕೆ ತೊಂದರೆ ಇಲ್ಲ. ಅಂಗಡಿಯವರು ಕಾನ್ಯೂರ್, ಆಫ್ರಿಕನ್ ಗ್ರೇ ಅಂತ ಬೇರೆ ವಿದೇಶಿ ಗಿಳಿ ತೋರಿಸಿದರೆ ಮಾತ್ರ ಹುಷಾರು. ಅವಕ್ಕೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು, 2024ರಲ್ಲಿ ಅದಕ್ಕೇ ನಿಯಮ ಬಂದಿದೆ. ಕಾಗದ ಇಲ್ಲದೆ ಮುಟ್ಟಬೇಡಿ.

ಹಕ್ಕಿಮನೆ_ಹೊಸನಗರ

ಸಾಗರದವರು ಹೇಳಿದ್ದಕ್ಕೆ ನನ್ನದೂ ಒಂದು ಸಹಿ. ಈಗ ಮನೆಯ ವಿಷಯಕ್ಕೆ ಬರೋಣ.

ತಂಗಿ, ಪಂಜರ ಆಮೇಲೆ. ಮೊದಲು ನಿಮ್ಮ ಮನೆಯ ಹೊಗೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ಬೆಳಿಗ್ಗೆ ಬಚ್ಚಲ ಹಂಡೆಗೆ ಬೆಂಕಿ ಹಾಕಿದ ಮೇಲೆ ಒಂದೊಂದು ಕೋಣೆಯಲ್ಲೂ ಹೋಗಿ ನಿಂತುಕೊಳ್ಳಿ. ಮೇಲೆ ಹಂಚಿನ ಸಂದಿಯಲ್ಲಿ ಬಿಸಿಲಕೋಲು ಬೀಳುತ್ತದಲ್ಲ, ಅದರಲ್ಲಿ ಹೊಗೆ ತೇಲುವುದು ಕಾಣುತ್ತದೆ. ಹಾಗೆ ಕಂಡ ಕೋಣೆಯಲ್ಲಿ ಹಕ್ಕಿ ಬೇಡ. ನಾನೂ ಅಡಿಕೆ ಬೆಳೆಗಾರನೇ, ಕಾಕಟೀಲ್ ಸಾಕಿ ತುಂಬಾ ವರ್ಷ ಆಯಿತು. ನಮ್ಮ ಕಡೆ ಹಕ್ಕಿ ಹಾಳಾಗುವುದು ಹೆಚ್ಚಾಗಿ ಎರಡೇ ಕಾರಣಕ್ಕೆ, ಹೊಗೆ ಮತ್ತು ಬೂಷ್ಟು. ಥಂಡಿಯನ್ನು ಗಟ್ಟಿ ಹಕ್ಕಿ ತಡೆದುಕೊಳ್ಳುತ್ತದೆ, ಮೈ ಒದ್ದೆಯಾಗದೆ ಗಾಳಿ ಹೊಡೆಯದೆ ಇದ್ದರೆ ಸಾಕು.

ನಮಗೆ ಹೊಗೆ ಅಭ್ಯಾಸ. ಹಕ್ಕಿಗೆ ಶ್ವಾಸಕೋಶದ ಜೊತೆ ಮೈಯೊಳಗೆ ಗಾಳಿಚೀಲಗಳಿವೆ. ಉಸಿರು ಎಳೆದಾಗಲೂ ಬಿಟ್ಟಾಗಲೂ ಶ್ವಾಸಕೋಶದಲ್ಲಿ ಹೊಸ ಗಾಳಿ ಹರಿಯುತ್ತಲೇ ಇರುತ್ತದೆ. ಹಾರುವುದಕ್ಕೆ ಅಷ್ಟು ಆಮ್ಲಜನಕ ಬೇಕಲ್ವಾ. ಅದೇ ದಾರಿಯಲ್ಲಿ ಗಾಳಿಯ ವಿಷವೂ ನಮಗಿಂತ ಬೇಗ ಒಳಗೆ ಹೋಗುತ್ತದೆ. ಕಾಕಟೀಲ್ ತೂಗಿದರೆ 80ರಿಂದ 100 ಗ್ರಾಂ, ಅಷ್ಟೇ.

ಆದ್ದರಿಂದ ಅಡುಗೆಮನೆಗೆ ತಾಗಿದ ನಡುಮನೆಯನ್ನು ಮರೆತುಬಿಡಿ. ನಾನ್‌ಸ್ಟಿಕ್ ಪಾತ್ರೆ ಇದ್ದರಂತೂ ಕೇಳುವುದೇ ಬೇಡ. ಕಾವಲಿ ಒಲೆ ಮೇಲೆ ಇಟ್ಟು ಫೋನ್ ಬಂತು ಅಂತ ಹೋದಿರಿ ಅನ್ನಿ. ಅದು ವಿಪರೀತ ಕಾದಾಗ ಮೇಲಿನ ಲೇಪನದಿಂದ ಏಳುವ ಆವಿ ನಮಗೆ ಗೊತ್ತೇ ಆಗದೆ ಇರಬಹುದು, ಪಕ್ಕದ ಕೋಣೆಯ ಹಕ್ಕಿ ಸತ್ತು ಬಿದ್ದಿರುತ್ತದೆ. ನಮ್ಮ ಮನೆಯಲ್ಲಿ ಹಕ್ಕಿ ಬಂದ ಮೇಲೆ ಕಬ್ಬಿಣದ ಕಾವಲಿಯೇ. ದೋಸೆಯೂ ಅದರಲ್ಲೇ ರುಚಿ, ಬಿಡಿ. ಸೊಳ್ಳೆಬತ್ತಿ, ಊದುಬತ್ತಿ, ಸಾಂಬ್ರಾಣಿ, ಕರ್ಪೂರ, ಬಟ್ಟೆ ನಡುವೆ ಇಡುವ ನುಸಿಗುಳಿಗೆ, ಇವೆಲ್ಲ ಹಕ್ಕಿ ಇರುವ ಕೋಣೆಯಿಂದ ಹೊರಗೆ. ಮಳೆಗಾಲದಲ್ಲಿ ನಾವು ಬೀರುವಿನ ತುಂಬ ನುಸಿಗುಳಿಗೆ ಸುರಿಯುತ್ತೇವೆ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಜಗಲಿಯೂ ಬೇಡ. ಇರಚಲು ಹೊಡೆಯುತ್ತದೆ, ಬೆಕ್ಕು ಬರುತ್ತದೆ. ಬೆಕ್ಕಿಗಿಂತ ನನಗೆ ಹಾವಿನ ಯೋಚನೆ. ನನ್ನ ನೆಂಟರ ಜಗಲಿಯ ಪಂಜರಕ್ಕೆ ರಾತ್ರಿ ಒಂದು ತೆಳ್ಳನೆಯ ಹಾವು ಸರಳಿನ ನಡುವೆ ತೂರಿತ್ತು. ಹಕ್ಕಿ ನುಂಗಿ ಹೊಟ್ಟೆ ಉಬ್ಬಿದ್ದಕ್ಕೆ ಅದೇ ಸಂದಿಯಲ್ಲಿ ವಾಪಸ್ ಹೋಗಲಾಗದೆ ಬೆಳಗಿನ ತನಕ ಒಳಗೇ ಸುತ್ತಿಕೊಂಡಿತ್ತು. ಹಾಗಾಗಿ ಮಗಳ ಓದುವ ಕೋಣೆಯೇ ಸರಿ. ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ಪಂಜರದ ಒಂದು ಬದಿ ಗೋಡೆಗೆ ತಾಗಲಿ, ಎತ್ತರ ನಿಮ್ಮ ಎದೆಮಟ್ಟಕ್ಕೆ ಇರಲಿ. ನಾಲ್ಕೂ ಕಡೆ ಬಯಲಾದರೆ ಹಕ್ಕಿಗೆ ನೆಮ್ಮದಿ ಇರುವುದಿಲ್ಲ.

ಆ ಚಿನ್ನದ ದುಂಡು ಪಂಜರ ಅಂಗಡಿಯಲ್ಲೇ ಇರಲಿ. ಮೇಲೆ ಸರಳುಗಳು ಒಂದು ಕಡೆ ಕೂಡುತ್ತವಲ್ಲ, ಆ ಮೂಲೆಯಲ್ಲಿ ಬೆರಳೋ ಕೊಕ್ಕೋ ಸಿಕ್ಕಿಕೊಳ್ಳುತ್ತದೆ. ಬಣ್ಣದ ಲೇಪ ಯಾವ ಲೋಹದ್ದು ಅಂತ ಮಾರುವವರಿಗೂ ಗೊತ್ತಿರುವುದಿಲ್ಲ, ಹಕ್ಕಿ ಅದನ್ನು ದಿನವೂ ಕಚ್ಚುತ್ತದೆ. ಒಂದು ಕಾಕಟೀಲ್‌ಗೆ ಕಡಿಮೆ ಅಂದರೂ ಎರಡಡಿ ಅಗಲ, ಒಂದೂವರೆ ಅಡಿ ಆಳ, ಎರಡಡಿ ಎತ್ತರದ ಚೌಕ ಪಂಜರ ಬೇಕು. ಎತ್ತರಕ್ಕಿಂತ ಅಗಲಕ್ಕೆ ದುಡ್ಡು ಹಾಕಿ, ಇವು ಅಡ್ಡಡ್ಡ ಹಾರುವ ಹಕ್ಕಿಗಳು. ಸರಳಿನ ಸಂದು ಅರ್ಧ ಇಂಚು. ಮುಕ್ಕಾಲು ಇಂಚಾದರೆ ತಲೆ ತೂರಿಸುತ್ತದೆ. ಪೌಡರ್ ಕೋಟಿಂಗ್ ಇರುವುದನ್ನು ತಗೊಳ್ಳಿ. ವೆಲ್ಡಿಂಗ್ ಶಾಪಿನಲ್ಲಿ ಜಿಐ ಮೆಶ್, ಅಂದರೆ ಸತುವಿನ ಲೇಪದ ತಂತಿ ಜಾಲರಿ, ಹಾಕಿಸಿದರೆ ಅಗ್ಗ ನಿಜ, ಆದರೆ ಹೊಸ ಮೆಶ್ಶಿನ ಮೇಲೆ ಸತುವಿನ ಪುಡಿ, ಹನಿ ಅಂಟಿರುತ್ತದೆ. ಹಕ್ಕಿ ಅದನ್ನು ನೆಕ್ಕಿದರೆ ವಿಷ. ಅದೇ ಗತಿ ಅಂತಾದರೆ ವಿನೆಗರ್ ಹಾಕಿ ಬ್ರಶ್ಶಿನಲ್ಲಿ ಉಜ್ಜಿ ತೊಳೆದು ಬಿಸಿಲಿಗಿಡಿ.

ಬಾಗಿಲು ಮೇಲಕ್ಕೆ ಜಾರುವ ಥರದ್ದಾದರೆ ಚಿಲಕ ಹಾಕಲೇಬೇಕು. ನಮ್ಮ ಗಂಡು ಹಕ್ಕಿ ಅದನ್ನು ಕೊಕ್ಕಿನಲ್ಲಿ ಅರ್ಧ ಎತ್ತುತ್ತದೆ, ಕತ್ತು ಕೆಳಗೆ ಕೊಡುತ್ತದೆ, ಜುಟ್ಟು ಮಲಗಿಸಿಕೊಂಡು ಹೆಗಲು ತೂರಿಸುತ್ತದೆ. ನಡುವೆ ಒಮ್ಮೆ ನಿಂತು ಯಾರಾದರೂ ನೋಡುತ್ತಿದ್ದಾರಾ ಅಂತ ಕಣ್ಣು ಹಾಯಿಸುತ್ತದೆ. ಬಾಗಿಲು ಜಾರಿ ಕತ್ತಿನ ಮೇಲೆ ಬಿದ್ದರೆ ಕಥೆ ಮುಗಿಯಿತು. ನಾಯಿ ಸರಪಳಿಯ ಕೊಕ್ಕೆ ಒಂದು ಸಿಕ್ಕಿಸಿಟ್ಟಿದ್ದೇನೆ.

ಒಳಗೆ ಕೂರುವ ಕೋಲು ಪ್ಲಾಸ್ಟಿಕ್ಕಿನದ್ದು ಬರುತ್ತದೆ, ತೆಗೆದು ಬಿಸಾಡಿ. ಒಂದೇ ದಪ್ಪದ ನುಣುಪು ಕೋಲಿನ ಮೇಲೆ ದಿನವಿಡೀ ನಿಂತರೆ ಅಂಗಾಲು ಹುಣ್ಣಾಗುತ್ತದೆ. ಪೇರಲೆ ಕೊಂಬೆ ಚೆನ್ನ, ಹೆಬ್ಬೆರಳು ಗಾತ್ರದ್ದು ಒಂದೆರಡು, ಅದಕ್ಕಿಂತ ಸಣ್ಣದು ಒಂದು. ಆದರೆ ತೋಟದೊಳಗಿನ ಪೇರಲೆ ಬೇಡ. ಮೇಲಿನ ಅಡಿಕೆಯಿಂದ ಬೋರ್ಡೋ, ಅದೇ ಕೊಳೆ ಔಷಧಿ, ತೊಟ್ಟಿಕ್ಕಿ ಎಲೆ ಕೊಂಬೆಯೆಲ್ಲ ಮೈಲುತುತ್ತ ಆಗಿರುತ್ತದೆ. ಅಂಗಳದ ಮರದ್ದು ಕಡಿದು, ಉಜ್ಜಿ ತೊಳೆದು ಒಣಗಿಸಿ. ಅಡಿಕೆ ದಬ್ಬೆಯೂ ಬೇಡ, ಸಿಬಿರು ಏಳುತ್ತದೆ. ಕಣಗಿಲೆ ಕೊಂಬೆ ಮುಟ್ಟಲೇಬೇಡಿ. ಕೆಳಗೆ ನ್ಯೂಸ್‌ಪೇಪರ್ ಹಾಸಿ ದಿನಾ ಬದಲಾಯಿಸಿ. ಹಿಕ್ಕೆಯ ಬಣ್ಣ ಬದಲಾದರೆ ಅದರ ಮೇಲೇ ಮೊದಲು ಗೊತ್ತಾಗುವುದು. ಮರದ ಪುಡಿ ಹಾಕಿದರೆ ನಮ್ಮ ಹವೆಗೆ ಬೂಷ್ಟು ಬರುತ್ತದೆ.

ಊಟದ್ದು ಇನ್ನೊಮ್ಮೆ ಬರೆಯುತ್ತೇನೆ, ಕೈ ನೋವು ಬಂತು.

ಗೋಪಾಳದ_ಗಿಳಿವಿಂಡು

ಇಷ್ಟೆಲ್ಲ ಹೆದರಿಸಬೇಡಿ ಮಾರಾಯ್ರೆ. ನಮ್ಮ ಮನೆ ಶಿವಮೊಗ್ಗದಲ್ಲೇ, ಬಾಲ್ಕನಿಯಲ್ಲಿ ಪಂಜರ ಇಟ್ಟಿದ್ದೇವೆ, ಹಕ್ಕಿ ಆರಾಮಾಗಿದೆ. ಅಕ್ಕ, ಮೊದಲ ಸಲ ಸಾಕುವವರಾದರೆ ಬಜರಿಗಾರ್ ಜೋಡಿ ತಗೊಳ್ಳಿ, ಅಂಗಡಿಯಲ್ಲಿ ಲವ್ ಬರ್ಡ್ಸ್ ಅಂತ ಮಾರುವುದು ಅದನ್ನೇ. ಕಡಿಮೆ ದುಡ್ಡು. ಮಗಳು ಸ್ಕೂಲಿಗೆ ಹೋದಾಗ ಒಂದಕ್ಕೊಂದು ಜೊತೆ ಇರುತ್ತವೆ. ಒಂಟಿ ಹಕ್ಕಿ ಬೇಜಾರಾಗಿ ಪುಕ್ಕ ಕಿತ್ತುಕೊಳ್ಳುವುದು ನೋಡಿದ್ದೇನೆ.

ಹಕ್ಕಿಮನೆ_ಹೊಸನಗರ

ಜೋಡಿಯ ಮಾತು ಒಪ್ಪಿದೆ. ಜೋಡಿ ಇದ್ದರೆ ಮನುಷ್ಯರ ಹತ್ತಿರ ಸ್ವಲ್ಪ ಕಡಿಮೆ ಬರುತ್ತವೆ, ಆದರೆ ಮನೆಯವರು ತೋಟಕ್ಕೆ, ಮಗು ಸ್ಕೂಲಿಗೆ ಹೋಗುವಲ್ಲಿ ಒಂಟಿ ಹಕ್ಕಿ ಬಿಡುವುದಕ್ಕಿಂತ ಅದು ಒಳ್ಳೆಯದು. ಆಗ ಪಂಜರ ಮೂರಡಿ ಅಗಲ ಮಾಡಿ. ಬಾಲ್ಕನಿ ಮಾತ್ರ ಒಪ್ಪುವುದಿಲ್ಲ. ಶಿವಮೊಗ್ಗದ ಮಳೆಗೂ ಆಗುಂಬೆ ಕಡೆಯ ಮಳೆಗೂ ಹೋಲಿಕೆ ಉಂಟಾ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ನಿಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಂದು ದಿನದಲ್ಲಿ ಒಣಗುತ್ತದೆ, ಅವರ ಜಗಲಿಯಲ್ಲಿ ವಾರವಾದರೂ ಮುಗ್ಗಲು ವಾಸನೆ ಹೋಗುವುದಿಲ್ಲ.

ಊಟದ ವಿಷಯಕ್ಕೂ ಇದೇ ತೇವ ಅಡ್ಡ ಬರುತ್ತದೆ. ಕಾಳು ಒಂದೇ ಸಲ ಐದು ಕೆಜಿ ತರಬೇಡಿ. ನವಣೆ, ಸಜ್ಜೆ ಸ್ವಲ್ಪ ಸ್ವಲ್ಪ ತಂದು ಗಾಳಿಯಾಡದ ಡಬ್ಬಿಯಲ್ಲಿಡಿ, ಹಾಕುವ ಮುಂಚೆ ಮೂಸಿ ನೋಡಿ. ಬೂಷ್ಟಿನ ಪುಡಿ ಉಸಿರಲ್ಲಿ ಹೋದರೆ ಹಕ್ಕಿಯ ಗಾಳಿಚೀಲದಲ್ಲೇ ಬೆಳೆಯುತ್ತದೆ, ಆ ಕಾಯಿಲೆ ವಾಸಿ ಮಾಡುವುದು ಕಷ್ಟ. ಅದಕ್ಕೇ ಶೇಂಗಾ ಕೊಡಲೇಬೇಡಿ ಅನ್ನುತ್ತೇನೆ. ಸಾಕುವವರು ಸ್ಪ್ರೇ ಮಿಲೆಟ್ ಅಂತ ಪ್ಯಾಕೆಟ್ ತರಿಸುತ್ತಾರಲ್ಲ, ಅದು ನವಣೆ ತೆನೆಯೇ. ಬಯಲುಸೀಮೆ ಕಡೆ ನೆಂಟರಿದ್ದರೆ ಔಷಧಿ ಹೊಡೆಯದ ತೆನೆ ನಾಲ್ಕು ತರಿಸಿ, ಹಕ್ಕಿ ಕೈಗೆ ಬರುವುದು ಅದರ ಆಸೆಗೇ. ಬರೀ ಕಾಳು ತಿಂದರೆ ಎ ವಿಟಮಿನ್ ಸಾಲುವುದಿಲ್ಲ. ನುಗ್ಗೆಸೊಪ್ಪು, ಹರಿವೆ, ಕ್ಯಾರೆಟ್, ಚೀನಿಕಾಯಿ ದಿನಾ ಸ್ವಲ್ಪ ಇರಲಿ. ಸೂರ್ಯಕಾಂತಿ ಬೀಜ ಅಪರೂಪಕ್ಕೆ. ಸುಣ್ಣದ ಅಂಶಕ್ಕೆ ಗ್ರಂಥಿಗೆ ಅಂಗಡಿಯ ಸಮುದ್ರ ನೊರೆ ಒಂದು ತುಂಡು ಕಟ್ಟಿ, ಕಟಲ್ ಬೋನ್ ಅಂತ ದುಬಾರಿಗೆ ಮಾರುವುದೂ ಅದೇ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ ಹಕ್ಕಿಗೆ ವಿಷ. ಬೆಣ್ಣೆಹಣ್ಣಿನ ಮರ ನಮ್ಮ ಹಿತ್ತಲಲ್ಲೆಲ್ಲ ಇರುತ್ತದೆ, ಮಕ್ಕಳು ಪ್ರೀತಿಗೆ ಒಂದು ಚೂರು ಕೊಟ್ಟುಬಿಡುತ್ತಾರೆ. ಮಗಳಿಗೆ ಈಗಲೇ ಹೇಳಿಡಿ.

ತೋಟದಮನೆ_ತೀರ್ಥಹಳ್ಳಿ

ಅಣ್ಣ, ಕಾಡಿನ ಮರಿ ಬೇಡ ಅಂತ ಕೆಲಸದವರಿಗೆ ಹೇಳಿಬಿಟ್ಟೆ. ಅತ್ತೆ ಇನ್ನೂ ಮುಖ ಊದಿಸಿಕೊಂಡಿದ್ದಾರೆ, ಸರಿಹೋಗುತ್ತಾರೆ. ನೀವು ಹೇಳಿದ ಹಾಗೆ ಬೆಳಿಗ್ಗೆ ನಿಂತು ನೋಡಿದೆ. ನಡುಮನೆಯಲ್ಲಿ ಹೊಗೆ ಕಣ್ಣಿಗೇ ಕಾಣುತ್ತದೆ. ಮಗಳ ಕೋಣೆಗೆ ಕಾಂಕ್ರೀಟ್ ಸೂರು ಇದೆ, ಅಲ್ಲಿ ಇಲ್ಲ. ಆದರೆ ಅಲ್ಲಿ ಫ್ಯಾನ್ ಇದೆ. ಇನ್ನೊಂದು, ಅಡಿಕೆ ಬೇಯಿಸುವಾಗ ಏನು ಮಾಡುವುದು? ಒಲೆ ಅಂಗಳದಲ್ಲೇ, ಆ ಕೋಣೆಯ ಕಿಟಕಿ ಎದುರಿಗೇ. ರಾತ್ರಿ ಕರೆಂಟ್ ಹೋದರೆ ಹಕ್ಕಿ ಹೆದರುತ್ತದಾ?

ಹಕ್ಕಿಮನೆ_ಹೊಸನಗರ

ಫ್ಯಾನಿನ ಸ್ವಿಚ್ಚಿಗೆ ಟೇಪ್ ಹಚ್ಚಿಬಿಡಿ, ಹಕ್ಕಿ ಪಂಜರದಿಂದ ಹೊರಗಿದ್ದಾಗ ಯಾರೂ ಒತ್ತಬಾರದು. ಕನ್ನಡಿಗೆ ಬಟ್ಟೆ ಹಾಕಿ. ನೀರು ತುಂಬಿದ ಬಕೆಟ್ ಕೋಣೆಯಲ್ಲಿ ಇರಬಾರದು.

ಕಾಕಟೀಲ್ ಕತ್ತಲಲ್ಲಿ ಬೆಚ್ಚುವ ಹಕ್ಕಿ. ಹಂಚಿನ ಮೇಲೆ ಹೆಗ್ಗಣ ಓಡಿದರೂ ಸಾಕು, ರೆಕ್ಕೆ ಬಡಿದು ಸರಳಿಗೆ ಹೊಡೆದುಕೊಂಡು ರಕ್ತ ಮಾಡಿಕೊಳ್ಳುತ್ತದೆ. ಪಂಜರದ ಮೂರು ಬದಿ ಹತ್ತಿ ಬಟ್ಟೆ ಮುಚ್ಚಿ, ಒಂದು ಬದಿ ಬಿಡಿ, ಸಣ್ಣ ಬಲ್ಬ್ ಉರಿಯಲಿ. ಕರೆಂಟ್ ಹೋದರೂ ಉರಿಯುವ ಚಾರ್ಜಿಂಗ್ ಬಲ್ಬ್ ಸಿಗುತ್ತದೆ, ಅದನ್ನು ಹಾಕಿ. ಹತ್ತು ಹನ್ನೆರಡು ಗಂಟೆ ನಿದ್ದೆ ಬೇಕು ಅದಕ್ಕೆ, ಮಗಳು ರಾತ್ರಿ ಹನ್ನೊಂದರ ತನಕ ಓದುವವಳಾದರೆ ಪರೀಕ್ಷೆ ಟೈಮಲ್ಲಿ ಬೇರೆ ಕಡೆ ಕೂರಬೇಕಾಗುತ್ತದೆ.

ಅಡಿಕೆ ಒಲೆಯದ್ದೇ ದೊಡ್ಡ ವಿಷಯ. ಅದು ದಿನಗಟ್ಟಲೆ ಉರಿಯುವ ಬೆಂಕಿ, ಕಿಟಕಿ ಮುಚ್ಚಿದರೂ ಹೊಗೆ ನುಗ್ಗುತ್ತದೆ. ಒಲೆಯನ್ನು ಕೊಟ್ಟಿಗೆ ಕಡೆಗೆ ಸರಿಸಲಾಗುತ್ತದಾ ಅಂತ ಯಜಮಾನರನ್ನು ಕೇಳಿ. ಆಗದಿದ್ದರೆ ಪ್ರತಿ ವರ್ಷ ಕೊಯ್ಲಿನಲ್ಲಿ ಹಕ್ಕಿಯನ್ನು ಹೊಗೆ ಇಲ್ಲದ ಮನೆಗೆ ಕಳಿಸುವ ವ್ಯವಸ್ಥೆ ಇರಬೇಕು. ಎರಡೂ ಆಗುವುದಿಲ್ಲ ಅಂದರೆ ಹಕ್ಕಿಯೇ ಬೇಡ, ಬೇಜಾರು ಮಾಡಿಕೊಳ್ಳಬೇಡಿ. ಕಾಕಟೀಲ್ ಹದಿನೈದು ಇಪ್ಪತ್ತು ವರ್ಷ ಬದುಕುವ ಹಕ್ಕಿ. ಮಗಳು ಕಾಲೇಜಿಗೆ ಹೋದಮೇಲೆ ನೋಡಿಕೊಳ್ಳುವವರು ನೀವೇ, ಅದನ್ನೂ ಯೋಚಿಸಿ.

ಒಲೆ ಸರಿಯುವುದಾದರೂ ಕೊಳೆ ಔಷಧಿ ಮುಗಿದ ಕೂಡಲೇ ತರಬೇಡಿ. ಆಗಿನ್ನೂ ಮಳೆ, ಅದರ ಹಿಂದೆಯೇ ಕೊಯ್ಲು. ಸಂಕ್ರಾಂತಿ ಕಳೆದು ಬೇಯಿಸುವುದು ನಿಂತ ಮೇಲೆ ತನ್ನಿ. ಹಕ್ಕಿಗೆ ಒಣ ಹವೆ ಸಿಗುತ್ತದೆ, ಸ್ವಲ್ಪ ದಿನಕ್ಕೆ ಬೇಸಿಗೆ ರಜೆಯೂ ಬರುತ್ತದೆ. ಅಲ್ಲಿಯವರೆಗೆ ಪಂಜರ, ಜಾಲರಿ, ಕೊಂಬೆ ಎಲ್ಲ ತಯಾರು ಮಾಡಿಟ್ಟುಕೊಳ್ಳಿ.

ಅಂಗಡಿಯಲ್ಲಿ ತಾನಾಗಿ ಕಾಳು ಸುಲಿದು ತಿನ್ನುವ ಹಕ್ಕಿಯನ್ನೇ ಆರಿಸಿ. ಸಿರಿಂಜಿನಲ್ಲಿ ಗಂಜಿ ಕೊಡುವ ಮರಿ ಚೆನ್ನಾಗಿ ಪಳಗುತ್ತದೆ ಅಂತ ಕೊಡಲು ನೋಡುತ್ತಾರೆ, ಹೊಸಬರ ಕೈಯಲ್ಲಿ ಗಂಜಿ ಶ್ವಾಸನಾಳಕ್ಕೆ ಹೋಗಿ ಸಾಯುತ್ತದೆ. ಮೂಗಿನ ತೂತು, ಬಾಲದ ಕೆಳಗಿನ ಪುಕ್ಕ ಎರಡೂ ಒಣಗಿರಬೇಕು. ಕೂತಲ್ಲೇ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಉಸಿರಿನ ತೊಂದರೆ ಇದೆ ಅಂತ. ತಂದ ವಾರದಲ್ಲೇ ಶಿವಮೊಗ್ಗ ವಿನೋಬನಗರದ ಪಶುವೈದ್ಯಕೀಯ ಕಾಲೇಜಿಗೆ ಹಿಕ್ಕೆ ಸಮೇತ ಒಯ್ದು ತೋರಿಸಿ. ಮನೆಯಲ್ಲಿ ನಾಟಿ ಕೋಳಿ ಇದ್ದರೆ ಅದನ್ನು ಮುಟ್ಟಿದ ಕೈ ತೊಳೆಯದೆ ಹಕ್ಕಿ ಹತ್ತಿರ ಹೋಗಬಾರದು, ಇದನ್ನು ಅತ್ತೆಗೂ ಹೇಳಿ.