ಅಪ್‌ಡೇಟ್: ರೆಸಾರ್ಟ್ ರೂಮಿನ ಎಸಿ ಯಾಕೆ ನಿಲ್ಲುತ್ತಿತ್ತು ಅಂತ ಗೊತ್ತಾಯಿತು

ದ್ವೀಪದ ರೆಸಾರ್ಟು, ಕಡಲ ಕಡೆಗೆ ಮುಖ ಮಾಡಿದ ರೂಮು, ಸುಡು ಬೇಸಿಗೆ, ಆದರೆ ಎಸಿ ಆಗಾಗ ತಾನಾಗೇ ನಿಂತುಹೋಗುತ್ತದೆ ಅಂತ ಹೋದ ವಾರ ಕೇಳಿದ್ದೆನಲ್ಲ? ಸರಿಹೋಯಿತು.

18 ಡಿಗ್ರಿಗೆ ಇಳಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಕೀ ಕಾರ್ಡ್ ಬದಲಿಸಿದರೂ ಅಷ್ಟೇ. ಬಾಲ್ಕನಿ ಬಾಗಿಲು ನೋಡಿ ಅಂದವರ ಮಾತೇ ನಿಜ. ಅದರಲ್ಲಿ ಸೆನ್ಸರ್ ಇದೆ, ಬಾಗಿಲು ತೆರೆದಿದ್ದರೆ ಎಸಿ ಬಂದ್. ನಾನು ಮುಚ್ಚಿಯೇ ಇಟ್ಟಿದ್ದೆ! ಆದರೆ ನಮ್ಮ ಕಾಲಿಗೆ ಅಂಟಿ ಬಂದ ಮರಳು ಬಾಗಿಲು ಜಾರುವ ಹಳಿಯಲ್ಲಿ ಕೂತು, ಕಡ್ಡಿಯಷ್ಟು ಸಂದಿ ಉಳಿಯುತ್ತಿತ್ತು. ಹಳೇ ಟೂತ್‌ಬ್ರಷ್‌ನಿಂದ ಕೆರೆದೆ. ಬಾಗಿಲು ಟಕ್ ಅಂತ ಕೂತಿತು. ಅಷ್ಟು ದೊಡ್ಡ ಹೋಟೆಲಿಗೆ ಮದ್ದು ಟೂತ್‌ಬ್ರಷ್, ನೋಡಿ!

ಹಾಸಿಗೆ ತೇವ ತೇವ ಅನಿಸುತ್ತಿದ್ದದ್ದೂ ಅದೇ ಸಂದಿಯಲ್ಲಿ ನುಗ್ಗುವ ಕಡಲ ಗಾಳಿಯಿಂದಲೇ. ಸುಮ್ನೆ ರೂಮ್ ಬದಲಿಸಿ ಅಂತ ಜಗಳಕ್ಕೆ ಹೋಗಿದ್ದರೆ ನಗೆಪಾಟಲಾಗುತ್ತಿದ್ದೆ.